ಕೊರೊನಾ ಕಾಲದ ಬೆಳೆ ಪರಿಹಾರ: ಕೋಲಾರ, ಚಿಕ್ಕಬಳ್ಳಾಪುರದ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ನಾನು ಕೂತು ಹೊಸೆದದ್ದಲ್ಲ. ಡೇರಿಗೆ ಹಾಲು ಹಾಕಲು ಬಂದವರು, ಟೊಮೆಟೊ ಬಾಕ್ಸ್ ಇಳಿಸಿ ಮಂಡಿ ಮುಂದೆ ಹರಾಜಿಗೆ ಕಾಯುತ್ತಿದ್ದವರು, ಅರ್ಜಿ ಬರೆಸಿಕೊಳ್ಳಲು ಮನೆಗೆ ಬಂದವರು ಕೇಳಿದವು. 2020, 2021ರ ಮಾತು ಈಗ್ಯಾಕೆ ಎಂದು ಮೂಗು ಮುರಿಯುವವರೂ ಇದ್ದಾರೆ. ಅಂದು ಯಾವ ಕಾರಣಕ್ಕೆ ಹೆಸರು ಬಿಟ್ಟುಹೋಯಿತೋ ಅದೇ ಕಾರಣಕ್ಕೆ ಇವತ್ತಿಗೂ ಮಳೆ ಹಾನಿಯ ಪಟ್ಟಿಯಿಂದಲೂ ಹೆಸರು ಬಿಟ್ಟುಹೋಗುತ್ತಿದೆ. ಅದಕ್ಕೇ ಬರೆದಿಟ್ಟೆ.

ಕೊರೊನಾ ಪರಿಹಾರ ಎಂದು ರಾಜ್ಯ ಸರ್ಕಾರ ರೈತರಿಗೆ ಘೋಷಿಸಿದ್ದು ಎಷ್ಟು?

ಎರಡು ವರ್ಷ, ಎರಡು ಸುತ್ತು.

ಮೊದಲನೆಯದು 2020ರ ಮೇ ತಿಂಗಳಲ್ಲಿ. ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಹೇಳಿದರು. ಅದರಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಗರಿಷ್ಠ ಒಂದು ಹೆಕ್ಟೇರಿಗೆ. ಅದಾದ ಮುಂದಿನ ವಾರ ಹಣ್ಣು, ತರಕಾರಿಗೆ ಹೆಕ್ಟೇರಿಗೆ 15,000, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ಎಂದು ಸೇರಿಸಿದರು.

ಎರಡನೆಯದು 2021ರ ಮೇ 19ರಂದು, 1,250 ಕೋಟಿಯದು. ಈ ಸಲ ಹೂವಿಗೂ, ಹಣ್ಣು ತರಕಾರಿಗೂ ಒಂದೇ ದರ: ಹೆಕ್ಟೇರಿಗೆ 10,000. ಇದಕ್ಕೂ ಒಂದು ಹೆಕ್ಟೇರಿನ ಮಿತಿ.

ಒಂದು ಲೆಕ್ಕ ಹಾಕಿ ನೋಡಿ. 2020ರಲ್ಲಿ ಸರ್ಕಾರವೇ ಹೇಳಿದ ಹಾಗೆ ರಾಜ್ಯದಲ್ಲಿ ಹೂವಿದ್ದ ಪ್ರದೇಶ 11,687 ಹೆಕ್ಟೇರ್. ಅದನ್ನು 25,000ದಿಂದ ಗುಣಿಸಿದರೆ 30 ಕೋಟಿಗೂ ಒಳಗೆ ಬರುತ್ತದೆ. 1,610 ಕೋಟಿಯ ಬ್ಯಾನರಿನಲ್ಲಿ ಸೇವಂತಿಗೆ, ಗುಲಾಬಿ, ಚೆಂಡು ಹೂವಿನವರ ಪಾಲು ಇಷ್ಟೇ! ಉಳಿದದ್ದು ಆಟೊ, ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಮಡಿವಾಳರು, ನೇಕಾರರು, ಕಟ್ಟಡ ಕಾರ್ಮಿಕರು ಮುಂತಾದವರದು. ಅವರಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಮೇಲೆ ಬರೆದ ದೊಡ್ಡ ಅಂಕಿ ನೋಡಿ ರೈತರಿಗೆ ಸುರಿದುಬಿಟ್ಟರು ಅನ್ನುವವರಿಗಾಗಿ ಹೇಳಿದೆ.

2021ರದ್ದೂ ಹೀಗೆಯೇ. ಆ ಸಲ ಅಂದಾಜು ಮಾಡಿದ್ದು ಇಡೀ ರಾಜ್ಯಕ್ಕೆ 20,000 ಹೂ ಬೆಳೆಗಾರರು, 69,000 ಹಣ್ಣು ತರಕಾರಿ ಬೆಳೆಗಾರರು. ಇಡೀ ರಾಜ್ಯಕ್ಕೆ! ಕೋಲಾರ ಎಪಿಎಂಸಿಗೆ ಜುಲೈ ತಿಂಗಳಲ್ಲಿ ಒಂದು ಬೆಳಗ್ಗೆ ಬಂದು ನಿಂತವರು ಯಾರಾದರೂ ಈ ಸಂಖ್ಯೆ ಕೇಳಿ ನಗದೆ ಇರಲಾರರು.

ಟಿ.ವಿ.ಯಲ್ಲಿ 25 ಸಾವಿರ ಅಂದರು, ನನಗೆ ಏಳೂವರೆ ಸಾವಿರ ಬಂತು. ಉಳಿದದ್ದು ಯಾರು ತಿಂದರು?

ಬಹುಶಃ ಯಾರೂ ತಿಂದಿಲ್ಲ ಅಣ್ಣಾ. 25 ಸಾವಿರ ಅಂದದ್ದು ರೈತನಿಗಲ್ಲ, ಹೆಕ್ಟೇರಿಗೆ. ಟಿ.ವಿ. ಪಟ್ಟಿಯಲ್ಲಿ ಓಡುವಾಗ ಆ ಹೆಕ್ಟೇರ್ ಅನ್ನೋ ಪದ ಉದುರಿಹೋಯಿತು.

ನಮಗೆ ಗೊತ್ತಿರೋದು ಎಕರೆ, ಗುಂಟೆ. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 2 ಎಕರೆ 19 ಗುಂಟೆ. ಹಾಗಾಗಿ 2020ರ ಹೂವಿನ ಪರಿಹಾರ ಎಕರೆಗೆ ಸುಮಾರು 10,117 ರೂಪಾಯಿ, ಗುಂಟೆಗೆ 253. ಮೂವತ್ತು ಗುಂಟೆ ಸೇವಂತಿಗೆ ಇದ್ದರೆ ಏಳೂವರೆ ಸಾವಿರದ ಮೇಲೆ ಚಿಲ್ಲರೆ, ಲೆಕ್ಕ ಸರಿಯಾಗಿದೆ. ತರಕಾರಿಗೆ ಅದೇ ವರ್ಷ ಗುಂಟೆಗೆ ಸುಮಾರು 152. 2021ರಲ್ಲಿ ಎರಡಕ್ಕೂ ಗುಂಟೆಗೆ 101. ಅರ್ಧ ಎಕರೆ ಕೋಸು ಹಾಕಿದವನಿಗೆ 2021ರಲ್ಲಿ ಬರಬೇಕಾದದ್ದು ಎರಡು ಸಾವಿರ ಚಿಲ್ಲರೆ. ಮೂರು ಎಕರೆ ಇದ್ದರೂ ಒಂದು ಹೆಕ್ಟೇರಿಗೇ ಕತ್ತರಿ.

ಈ ಗುಂಟೆ ಲೆಕ್ಕವನ್ನು ಮೊದಲು ಹಾಕಿಕೊಳ್ಳಿ. ಬಂದದ್ದು ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಂದಿನ ಪ್ರಶ್ನೆ ಏಳುತ್ತದೆ: ನಿಮ್ಮ ಹೊಲದ ಎಷ್ಟು ಗುಂಟೆಯನ್ನು ಹೂವು ಎಂದು ಬರೆದುಕೊಂಡಿದ್ದರು?

2020ರ ಏಪ್ರಿಲ್‌ನಲ್ಲಿ 2,000 ರೂಪಾಯಿ ಬಂತಲ್ಲ, ಅದೂ ಕೊರೊನಾ ಪರಿಹಾರವೇ ಅಲ್ಲವೇ?

ಅದು ಪಿ.ಎಂ. ಕಿಸಾನ್. ವರ್ಷಕ್ಕೆ 6,000, ಮೂರು ಕಂತು. 2019ರ ಫೆಬ್ರವರಿಯಿಂದಲೇ ನಡೆಯುತ್ತಿದ್ದ ಯೋಜನೆ. ಲಾಕ್‌ಡೌನ್ ಆದ ಮೇಲೆ ಕೇಂದ್ರ ಮಾಡಿದ್ದು ಹೇಗೂ ಬರಬೇಕಿದ್ದ ಕಂತನ್ನು ಏಪ್ರಿಲ್ ಮೊದಲಲ್ಲೇ ಹಾಕಿದ್ದು. ಹಸಿದ ಹೊತ್ತಿಗೆ ಬಂತು, ಸರಿ. ಹೆಚ್ಚುವರಿ ಹಣವೇನಲ್ಲ. ರಾಜ್ಯ ಸರ್ಕಾರ ಆಗ ಇದರ ಮೇಲೆ ವರ್ಷಕ್ಕೆ 4,000 ಸೇರಿಸಿ ಕೊಡುತ್ತಿತ್ತು. ಅದೂ ಕೊರೊನಾಕ್ಕೆ ಸಂಬಂಧಿಸಿದ್ದಲ್ಲ.

ಹೊಲದ ತುಂಬ ಹೂವಿತ್ತು, ಊರೇ ನೋಡಿದೆ. ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ. ಅದು ಹೇಗೆ?

ನೂರಕ್ಕೆ ತೊಂಬತ್ತು ಜನ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೇ. ಉತ್ತರ ಒಂದೇ ಮಾತಿನದು: ಬೆಳೆ ಸಮೀಕ್ಷೆ.

ಪರಿಹಾರ ಯಾರಿಗೆ ಎನ್ನುವುದನ್ನು ಬೆಂಗಳೂರಿನ ಘೋಷಣೆ ತೀರ್ಮಾನಿಸಲಿಲ್ಲ. ಅದು ತೀರ್ಮಾನವಾದದ್ದು ಅದಕ್ಕೂ ಎಷ್ಟೋ ತಿಂಗಳು ಮೊದಲು, ನಮ್ಮ ಬದುವಿನ ಮೇಲೆ ಒಬ್ಬ ಹುಡುಗ ಮೊಬೈಲ್ ಹಿಡಿದು ನಿಂತು ಬೆಳೆಯ ಫೋಟೊ ತೆಗೆದಾಗ. ಆ ಹುಡುಗನನ್ನು ಇಲಾಖೆ ಖಾಸಗಿ ನಿವಾಸಿ ಅನ್ನುತ್ತದೆ, ನಾವು ಪಿ.ಆರ್. ಅನ್ನುತ್ತೇವೆ. ಸರ್ವೆ ನಂಬರಿಗೊಂದು ಸಾಲು, ಸಾಲಿಗೊಂದು ಬೆಳೆ, ಬೆಳೆಗೆ ಇಷ್ಟು ಗುಂಟೆ. ದುಡ್ಡು ಕಳಿಸುವವರು ಆ ಸಾಲನ್ನು ನೋಡುತ್ತಾರೆಯೇ ಹೊರತು ನಿಮ್ಮ ಹೊಲವನ್ನಲ್ಲ.

ಸಾಲು ತಪ್ಪುವುದಕ್ಕೆ ನಮ್ಮ ಕಡೆ ವಿಶೇಷ ಕಾರಣವೊಂದಿದೆ. ಸಮೀಕ್ಷೆ ನಡೆಯುವುದು ಹಂಗಾಮಿಗೊಮ್ಮೆ. ಕೊಳವೆಬಾವಿ ನಂಬಿದ ಬಯಲುಸೀಮೆಯ ರೈತ ಮುಂಗಾರಿನಲ್ಲಿ ರಾಗಿ ಹಾಕಿ, ಅದನ್ನು ಕೊಯ್ದ ಮೇಲೆ ಯುಗಾದಿಗೆ, ಮದುವೆ ಸೀಜನ್ನಿಗೆ ಸಿಗಲಿ ಎಂದು ಅದೇ ನೆಲದಲ್ಲಿ ಹೂವು ಎಬ್ಬಿಸುತ್ತಾನೆ. ರಾಗಿಯ ಫೋಟೊ ದಾಖಲೆಯಲ್ಲಿ ಉಳಿಯುತ್ತದೆ. ಹೂವಿನ ಫೋಟೊಗೆ ಯಾರೂ ಬರುವುದಿಲ್ಲ. 2020ರಲ್ಲಿ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ, ದೇಶದ ಲಾಕ್‌ಡೌನಿನ ಮೊದಲ ದಿನವೇ. ಆ ಒಂದು ವಾರಕ್ಕಾಗಿ ತಿಂಗಳುಗಟ್ಟಲೆ ನೀರು ಕಟ್ಟಿದವರು ಬಿಡಿಸಿದ ಹೂವನ್ನು ತಿಪ್ಪೆಗೆ ಸುರಿದರು. ಕಂಪ್ಯೂಟರಿನ ಪ್ರಕಾರ ಅವರ ಹೊಲದಲ್ಲಿದ್ದದ್ದು ರಾಗಿ.

ನಮ್ಮ ಚಿಕ್ಕಪ್ಪನದ್ದು ಇದೇ ಕಥೆ. ಒಂದು ಎಕರೆ ಚೆಂಡು ಹೂವು. ಕಚೇರಿಯೊಂದರಲ್ಲಿ ಮೂರು ಸಲ ವಿಚಾರಿಸಿದೆವು. ಮೂರು ಸಲವೂ "ಮೇಲಿಂದಲೇ ಬಂದಿಲ್ಲ" ಎಂಬ ಉತ್ತರ. ನಾಲ್ಕನೇ ಸಲ ನಾನು ಕೇಳುವ ಮಾತು ಬದಲಾಯಿಸಿದೆ. "ದುಡ್ಡು ಯಾವಾಗ ಬರುತ್ತೆ" ಅನ್ನುವುದು ಬಿಟ್ಟು "ಈ ಸರ್ವೆ ನಂಬರಿಗೆ ಸಮೀಕ್ಷೆಯಲ್ಲಿ ಯಾವ ಬೆಳೆ ಇದೆ, ತೋರಿಸಿ" ಎಂದೆ. ಎರಡು ನಿಮಿಷದಲ್ಲಿ ಪರದೆ ಮೇಲೆ ಬಂತು: ರಾಗಿ, 1 ಎಕರೆ. ಚಿಕ್ಕಪ್ಪ ಅದನ್ನು ಓದಿ "ರಾಗಿ ಮುದ್ದೆ ಉಂಡಿದ್ದೂ ನಿಜ ಬಿಡು" ಎಂದು ಹೊರಗೆ ನಡೆದರು.

ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದೆ. ಪರಿಹಾರಕ್ಕೆ ಅಡ್ಡಿಯೇ?

ಅಡ್ಡಿಯೇ. ಹಣ ಹೋಗುವುದು ಪಹಣಿಯಲ್ಲಿರುವ ಹೆಸರಿಗೆ ಜೋಡಿಸಿದ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮೂಲಕ, ಅಲ್ಲಿಂದ ಆಧಾರ್ ಜೋಡಿಸಿದ ಖಾತೆಗೆ. ತೀರಿಹೋದವರಿಗೆ ಫ್ರೂಟ್ಸ್ ಐಡಿ ಮಾಡಿಸಲಾಗದು. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರ ಜಗಳ ಇದ್ದರೆ ಜಂಟಿಯಾಗಿಯಾದರೂ ಸರಿ. ಜಗಳ ಮುಗಿಯಲಿ ಎಂದು ಕಾದರೆ ಇನ್ನೆರಡು ಬರಗಾಲ ಕಳೆದಿರುತ್ತವೆ.

ಬೇರೆಯವರ ಹೊಲ ಗುತ್ತಿಗೆಗೆ ಮಾಡ್ತೀನಿ. ನಷ್ಟ ನನ್ನದು, ಪರಿಹಾರ ಯಾರದು?

ಕಾಗದದ ಪ್ರಕಾರ ಪಹಣಿಯಲ್ಲಿ ಹೆಸರಿರುವವರದು. ಇದಕ್ಕಿಂತ ಮುಜುಗರದ ಉತ್ತರ ಈ ಪುಟದಲ್ಲಿ ಇನ್ನೊಂದಿಲ್ಲ.

ಮೂಲ ಇರುವುದು ಭೂಸುಧಾರಣಾ ಕಾಯ್ದೆಯಲ್ಲಿ. 1974ರ ತಿದ್ದುಪಡಿ ಉಳುವವನಿಗೆ ಹೊಲ ಕೊಡಿಸಿತು, ಜೊತೆಗೆ ಮುಂದೆ ಯಾರೂ ಗೇಣಿಗೆ ಕೊಡಕೂಡದು ಎಂದೂ ಹೇಳಿತು. ಆದರೆ ಗೇಣಿ ನಿಂತಿದೆಯೇ? ಮಾಲೀಕರು ಬೆಂಗಳೂರು ಸೇರಿದ್ದಾರೆ, ಹೊಲದಲ್ಲಿ ಕೊಳವೆಬಾವಿ ಇದೆ, ಊರಿನ ಹುಡುಗ ವರ್ಷಕ್ಕಿಷ್ಟು ಎಂದು ಬಾಯಿಮಾತಲ್ಲಿ ಒಪ್ಪಿ ಡ್ರಿಪ್ ಎಳೆದು ಟೊಮೆಟೊ ಹಾಕುತ್ತಾನೆ. ಬರೆದುಕೊಟ್ಟರೆ ನೆಲವೇ ಹೋದೀತು ಎಂಬ ಭಯ ಮಾಲೀಕರಿಗೆ. ಹಾಗಾಗಿ ಕಾಗದವೇ ಇಲ್ಲ. ಸಸಿ, ಕೋಲು, ದಾರ, ಔಷಧಿ ಎಂದು ಎಕರೆಗೆ ಲಕ್ಷದ ಮೇಲೆ ಸುರಿದವನು ಸರ್ಕಾರದ ಲೆಕ್ಕದಲ್ಲಿ ರೈತನೇ ಅಲ್ಲ.

ಒಳ್ಳೆಯ ಮಾಲೀಕರು ಬಂದ ದುಡ್ಡನ್ನು ಫೋನ್‌ಪೇ ಮಾಡಿದ್ದೂ ಇದೆ. ಕೆಲವರಿಗೆ ತಮ್ಮ ಖಾತೆಗೆ ಬಂದದ್ದೇ ಗೊತ್ತಿರಲಿಲ್ಲ. ಇನ್ನು ಕೆಲವರು ಗೊತ್ತಿದ್ದೂ ಸುಮ್ಮನಿದ್ದರು. ಪಟ್ಟಿ ಊರ ಮುಂದೆ ಇದ್ದಿದ್ದರೆ ಕನಿಷ್ಠ ಯಾರಿಗೆ ಬಂತು ಎಂಬುದಾದರೂ ತಿಳಿಯುತ್ತಿತ್ತು, ಅಂಗಡಿ ಕಟ್ಟೆಯ ಮೇಲೆ ಮಾತಾದರೂ ಆಡಬಹುದಿತ್ತು.

ಪಟ್ಟಿಯಲ್ಲಿ ಹೆಸರಿದೆ, ಹಣ ಮಂಜೂರು ಅಂತಾನೂ ಇದೆ. ಖಾತೆಯಲ್ಲಿ ಇಲ್ಲ.

ಇನ್ನೊಂದು ಖಾತೆ ನೋಡಿ. ಆಧಾರ್ ಆಧಾರಿತ ಪಾವತಿ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಗ್ಯಾಸ್ ಸಬ್ಸಿಡಿಗೆಂದೋ, ಸಂಘದ ಸಾಲಕ್ಕೆಂದೋ ಎಂದೋ ತೆರೆದು ಮರೆತ ಪಾಸ್‌ಬುಕ್ ಟ್ರಂಕಿನಲ್ಲಿ ಇರುತ್ತದೆ. ಮುಳಬಾಗಿಲು ಕಡೆಯ ಅಜ್ಜಿಯೊಬ್ಬರಿಗೆ ಎರಡು ವರ್ಷದ ಹಣ ಹಾಗೆ ಒಂದೇ ಕಡೆ ಕೂಡಿತ್ತು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಆಧಾರ್ ಹಾಕಿದರೆ ಯಾವ ಯೋಜನೆಯ ಹಣ ಯಾವ ಬ್ಯಾಂಕಿಗೆ ಹೋಯಿತು ಎಂದು ಕಾಣುತ್ತದೆ.

ಪಕ್ಕದ ಹೊಲದವನಿಗೆ ಎಷ್ಟು ಬಂತು ಎಂದು ಕೇಳುವ ಹಕ್ಕು ನನಗಿದೆಯೇ? ಹೊಟ್ಟೆಕಿಚ್ಚು ಅನ್ನಲ್ವೇ?

ಅನ್ನಲಿ. ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4(1)(ಬಿ) ಓದಿ. ಸಬ್ಸಿಡಿ ಕಾರ್ಯಕ್ರಮಗಳನ್ನು ಹೇಗೆ ಜಾರಿ ಮಾಡಿದಿರಿ, ಎಷ್ಟು ಹಣ ಹಂಚಿಕೆಯಾಯಿತು, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಅರ್ಜಿ ಹಾಕುವ ಮೊದಲೇ, ತಾನಾಗಿಯೇ ಪ್ರಕಟಿಸಬೇಕು ಎಂದು ಅದು ಸರ್ಕಾರಿ ಕಚೇರಿಗಳಿಗೆ ಹೇಳುತ್ತದೆ. ತಾನಾಗಿಯೇ ಎಂಬುದನ್ನು ಗಮನಿಸಿ. ನಾವು ಕೈಕಟ್ಟಿ ನಿಂತು "ಸಾರ್, ಪಟ್ಟಿ ತೋರಿಸ್ತೀರಾ" ಎಂದು ಕೇಳುವುದು ಕಾನೂನಿನ ಕ್ರಮವಲ್ಲ, ನಾವೇ ಮಾಡಿಕೊಂಡ ರೂಢಿ.

ಹೆಸರು, ಊರು, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮೊತ್ತ ಇವು ಬೇಕು. ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಬೇಡ. ಆಧಾರ್ ನಂಬರನ್ನು ಹಾಗೆ ಬಹಿರಂಗ ಮಾಡುವುದಕ್ಕೆ ಕಾನೂನಿನ ತಡೆಯೂ ಇದೆ. ನೀವು ಪೂರ್ತಿ ಪಟ್ಟಿ ಕೇಳಿದಾಗ ಖಾತೆ ನಂಬರಿನ ನೆಪ ಹೇಳಿ ಎಲ್ಲವನ್ನೂ ಮುಚ್ಚುವುದುಂಟು. ಆ ಎರಡು ಕಾಲಂ ತೆಗೆದು ಕೊಡಿ ಎಂದು ಅರ್ಜಿಯಲ್ಲೇ ಬರೆದುಬಿಡಿ.

"ನೋಟಿಸ್ ಬೋರ್ಡಿಗೆ ಅಂಟಿಸಿದ್ದೆವು, ನೀವೇ ನೋಡಲಿಲ್ಲ" ಅಂತಾರೆ.

ಅಂಟಿಸಿರಬಹುದು. ಲಾಕ್‌ಡೌನಿನಲ್ಲಿ, ಮನೆಯಿಂದ ಹೊರಬರಬೇಡಿ ಎಂದು ಮೈಕಿನಲ್ಲಿ ಕೂಗುತ್ತಿದ್ದ ಹೊತ್ತಿನಲ್ಲಿ. ಇದಕ್ಕಿಂತ ಹೆಚ್ಚಿಗೆ ನಾನೇನೂ ಹೇಳುವುದಿಲ್ಲ.

ಆನ್‌ಲೈನ್‌ನಲ್ಲಿ ಏನೇನು ಸಿಗುತ್ತದೆ?

ಪಿ.ಎಂ. ಕಿಸಾನ್ ಜಾಲತಾಣದಲ್ಲಿ ಊರುವಾರು ಫಲಾನುಭವಿ ಪಟ್ಟಿ ಯಾರು ಬೇಕಾದರೂ ನೋಡಬಹುದು. ಈ ವಿಷಯದಲ್ಲಿ ಅದು ಮಾದರಿ. ರಾಜ್ಯ ಸರ್ಕಾರದ ಮಾಹಿತಿ ಕಣಜ ಜಾಲತಾಣದಲ್ಲಿ ಹಲವು ಇಲಾಖೆಗಳ ಪಟ್ಟಿಗಳಿವೆ. ಬೆಳೆ ಹಾನಿಯ ಹಣಕ್ಕೆ ಕಂದಾಯ ಇಲಾಖೆಯ "ಪರಿಹಾರ" ಎಂಬ ತಂತ್ರಾಂಶ. ನಿಮ್ಮ ಹೊಲದ ಬೆಳೆ ಏನೆಂದು ದಾಖಲಾಗಿದೆ ಎನ್ನುವುದಕ್ಕೆ ಬೆಳೆ ದರ್ಶಕ್ ಆ್ಯಪ್. ಸೈಬರ್ ಸೆಂಟರಿನಲ್ಲಿ ಇದಕ್ಕೆಲ್ಲ ನೂರು ಇನ್ನೂರು ಕೊಡಬೇಡಿ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಕೈಗೆ ಪಹಣಿ ಕೊಡಿ ಸಾಕು.

ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ಹೇಗೆ?

ಚಿಕ್ಕದಾಗಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತದೆ. ಹೂವು, ಹಣ್ಣು, ತರಕಾರಿಯಾದರೆ ತಾಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಮೆಕ್ಕೆಜೋಳವಾದರೆ ಕೃಷಿ ಇಲಾಖೆಗೆ. ತಪ್ಪು ಕಚೇರಿಗೆ ಕೊಟ್ಟರೂ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಕೆಲಸ.

ನಾನು ಬರೆದುಕೊಡುವ ಒಕ್ಕಣೆ ಹೀಗಿರುತ್ತದೆ:

"2020 ಮತ್ತು 2021ರಲ್ಲಿ ಕೋವಿಡ್ ಲಾಕ್‌ಡೌನ್ ಸಂಬಂಧ ಹೂವು, ಹಣ್ಣು, ತರಕಾರಿ ಬೆಳೆಗಾರರಿಗೆ ನೀಡಿದ ಪರಿಹಾರದ ಬಗ್ಗೆ, ಇಂಥ ಗ್ರಾಮಕ್ಕೆ ಸೀಮಿತವಾಗಿ: 1. ಪರಿಹಾರ ಪಡೆದವರ ಹೆಸರು, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಪಾವತಿಯಾದ ಮೊತ್ತ (ಆಧಾರ್ ಮತ್ತು ಖಾತೆ ಸಂಖ್ಯೆ ಬೇಡ). 2. ತಿರಸ್ಕೃತವಾದ ಅರ್ಜಿಗಳ ಪಟ್ಟಿ ಮತ್ತು ಕಾರಣ. 3. ಈ ಪಟ್ಟಿಯನ್ನು ಪ್ರಕಟಿಸಿದ ದಿನಾಂಕ ಮತ್ತು ಸ್ಥಳ ತೋರಿಸುವ ಕಡತದ ಪ್ರತಿ."

ಎರಡನೇ ಸಾಲು ಬಿಡಲೇಬೇಡಿ. ಸಿಕ್ಕವರ ಪಟ್ಟಿಗಿಂತ ಸಿಗದವರ ಪಟ್ಟಿ ಹೆಚ್ಚು ಮಾತಾಡುತ್ತದೆ. "ಯಾಕೆ ಕೊಟ್ಟಿಲ್ಲ" ಎಂದು ಜಗಳದ ಧಾಟಿಯಲ್ಲಿ ಬರೆದರೆ "ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ. ದಾಖಲೆ ಕೇಳಿ, ಕೈಫಿಯತ್ತು ಕೇಳಬೇಡಿ.

30 ದಿನ ಕಾಯಿರಿ. ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೇ ಇಲಾಖೆಯ ಮೇಲಧಿಕಾರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಉದ್ದ ಇರುತ್ತದೆ. ನನ್ನ ಅನುಭವದಲ್ಲಿ ಬಹಳಷ್ಟು ಉತ್ತರ ಮೊದಲ ಮೇಲ್ಮನವಿಯ ನೋಟಿಸ್ ತಲುಪಿದ ವಾರವೇ ಬಂದಿವೆ.

"ಇದು ವೈಯಕ್ತಿಕ ಮಾಹಿತಿ, ಕೊಡಲಾಗದು" ಎಂದು ಉತ್ತರ ಬಂತು. ಈಗೇನು?

ಈ ಉತ್ತರ ಮುಂದೆ ಹೆಚ್ಚಾಗುತ್ತದೆ, ತಯಾರಾಗಿರಿ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಮೊದಲು ಹೇಳುತ್ತಿದ್ದದ್ದು, ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ ಖಾಸಗಿ ವಿಷಯ ಕೊಡಬೇಕಿಲ್ಲ ಎಂದು. ವಿಧಾನಸಭೆಗೆ ಇಲ್ಲ ಎನ್ನಲಾಗದ ಮಾಹಿತಿಯನ್ನು ಪ್ರಜೆಗೂ ಇಲ್ಲ ಎನ್ನುವಂತಿಲ್ಲ ಎಂಬ ಮಾತೂ ಅದಕ್ಕೆ ಅಂಟಿಕೊಂಡಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇವೆರಡನ್ನೂ ಕಿತ್ತು, ವೈಯಕ್ತಿಕ ಮಾಹಿತಿ ಎಂಬಷ್ಟನ್ನೇ ಉಳಿಸಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ.

ಮೇಲ್ಮನವಿಯಲ್ಲಿ ಎರಡು ಮಾತು ಬರೆಯಿರಿ. ಒಂದು, ಸೆಕ್ಷನ್ 4ರ ಫಲಾನುಭವಿ ಪಟ್ಟಿಯ ಹೊಣೆ ಹಾಗೇ ಇದೆ, ಅದನ್ನು ಯಾರೂ ತೆಗೆದಿಲ್ಲ. ಎರಡು, 8(2)ರ ಪ್ರಕಾರ ಗುಟ್ಟಿನಿಂದಾಗುವ ಲಾಭಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಬೊಕ್ಕಸದ ಹಣ ಯಾರ ಕೈ ಸೇರಿತು ಎಂಬುದು ಪಡೆದವನ ಮನೆ ವಿಷಯ ಹೇಗಾದೀತು ಎನ್ನುವುದು ನನಗಂತೂ ಅರ್ಥವಾಗಿಲ್ಲ.

ಅನರ್ಹರಿಗೆ ಹಣ ಹೋದದ್ದು ನಿಜವೇ, ಬರೀ ಊರ ಮಾತೇ?

ಪಿ.ಎಂ. ಕಿಸಾನ್ ಮಟ್ಟಿಗೆ ಸರ್ಕಾರವೇ ಒಪ್ಪಿಕೊಂಡಿದೆ. 2021ರ ಜನವರಿಯಲ್ಲಿ ಒಂದು ಮಾಹಿತಿ ಹಕ್ಕಿನ ಅರ್ಜಿಗೆ ಕೇಂದ್ರ ಕೃಷಿ ಸಚಿವಾಲಯ ಕೊಟ್ಟ ಉತ್ತರದಲ್ಲಿ 20.48 ಲಕ್ಷ ಅನರ್ಹರಿಗೆ 1,364 ಕೋಟಿ ಹೋಗಿರುವುದು ಹೊರಬಿತ್ತು. ಅದೇ ಜುಲೈನಲ್ಲಿ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ 42 ಲಕ್ಷಕ್ಕೂ ಹೆಚ್ಚು ಜನ, ಸುಮಾರು 3,000 ಕೋಟಿ. ಆದಾಯ ತೆರಿಗೆ ಕಟ್ಟುವವರು ಬಹಳ ಮಂದಿ ಅದರಲ್ಲಿದ್ದರು. ಮೊದಲ ಅಂಕಿ ಹೊರಬಂದದ್ದು ಹತ್ತು ರೂಪಾಯಿಯ ಅರ್ಜಿಯಿಂದ.

ಕೊರೊನಾ ಹಗರಣದ ತನಿಖೆ ನಡೀತಲ್ಲ, ಅದರಲ್ಲಿ ನಮ್ಮ ಪರಿಹಾರವೂ ಸೇರಿತ್ತೇ?

ಇಲ್ಲ. ನ್ಯಾಯಮೂರ್ತಿ ಮೈಕಲ್ ಡಿ'ಕುನ್ಹಾ ಆಯೋಗ ನೋಡಿದ್ದು ಆರೋಗ್ಯಕ್ಕೆ ಸಂಬಂಧಿಸಿದ ಖರೀದಿಯನ್ನು.

2021ರ ನವೆಂಬರ್ ಮಳೆಗೆ ರಾಗಿ ಹೊಲದಲ್ಲೇ ಮೊಳಕೆ ಬಂತು. ಆ ಹಣವೂ ಇದೇನಾ?

ಅದು ಬೇರೆ, ಪ್ರಕೃತಿ ವಿಕೋಪಕ್ಕೆ ಬೆಳೆ ಹಾಳಾದಾಗ ಬೀಜ, ಗೊಬ್ಬರದ ಖರ್ಚಿಗೆಂದು ಕೊಡುವ ಇನ್‌ಪುಟ್ ಸಬ್ಸಿಡಿ. ಆಗ ಕೇಂದ್ರದ ದರದ ಮೇಲೆ ರಾಜ್ಯವೂ ಸೇರಿಸಿ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 13,600, ನೀರಾವರಿಗೆ 25,000, ತೋಟಗಾರಿಕೆ ಬೆಳೆಗೆ 28,000 ಮಾಡಿತು. ಪಾಸ್‌ಬುಕ್ಕಿನಲ್ಲಿ ಎರಡೂ ಒಂದೇ ತರಹ ಕಾಣುವುದರಿಂದ ಜನ ಕಲಸಿಕೊಳ್ಳುತ್ತಾರೆ. ಕಚೇರಿಯೂ ಬೇರೆ: ಇದಕ್ಕೆ ತಹಶೀಲ್ದಾರರು.

ಈಗ ಅರ್ಜಿ ಹಾಕಿದರೆ ಆ ಕೊರೊನಾ ದುಡ್ಡು ಬರುತ್ತದೆಯೇ?

ಬರುತ್ತದೆ ಎಂದು ನಂಬಿಸಿ ನಿಮ್ಮಿಂದ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಆ ಸುತ್ತು ಮುಗಿದಿದೆ. ಮಂಜೂರಾಗಿಯೂ ಖಾತೆ ಸೇರದೆ ಮರಳಿದ ಹಣವಾದರೆ ದಾಖಲೆ ಹಿಡಿದು ವಿಚಾರಿಸಬಹುದು. ಉಳಿದವರಿಗೆ ಅರ್ಜಿಯಿಂದ ಸಿಗುವುದು ಒಂದು ಕಾಗದ: ನಿಮ್ಮ ಹೊಲ ಸರ್ಕಾರದ ಕಣ್ಣಿಗೆ ಹೇಗೆ ಕಾಣುತ್ತಿದೆ ಎಂಬುದು.

ನಮ್ಮ ಚಿಕ್ಕಪ್ಪ ಆಮೇಲೆ ಒಂದು ಅಭ್ಯಾಸ ಮಾಡಿಕೊಂಡರು. ಹೂವು ನಾಟಿ ಮಾಡಿದ ವಾರವೇ ರೈತರ ಬೆಳೆ ಸಮೀಕ್ಷೆ ಆ್ಯಪ್ ತೆರೆದು, ಬದುವಿನ ಮೇಲೆ ನಿಂತು ತಾವೇ ಫೋಟೊ ಹಾಕುತ್ತಾರೆ. ಆ್ಯಪ್ ಆ ಹಂಗಾಮಿಗೆ ತೆರೆದಿರದಿದ್ದರೆ ಪಿ.ಆರ್. ಹುಡುಗನಿಗೆ ಫೋನ್ ಹಚ್ಚುತ್ತಾರೆ, ಬರುವವರೆಗೂ ಬಿಡುವುದಿಲ್ಲ. ಹೋದ ವರ್ಷ ಅವನು ಬಂದು, ಸರ್ವೆ ನಂಬರ್ ತೆಗೆದು, "ಯಜಮಾನ್ರೇ, ಇಲ್ಲಿ ಹಳೇದು ರಾಗಿ ಅಂತಲೇ ಇದೆಯಲ್ಲ" ಎಂದ. "ಅದನ್ನೇ ತಿದ್ದಕ್ಕೆ ಕರೆದಿದ್ದು ಕಣಪ್ಪಾ, ಮೊದಲು ಮಜ್ಜಿಗೆ ಕುಡಿ" ಅಂದರು ಚಿಕ್ಕಪ್ಪ.